ಬಿಸಿಲನಾಡಿನ ಹಿತ್ತಲು

ಸ್ಮರಣ ಸಂಚಿಕೆಗಳಲ್ಲಿ ಶಾಸನ, ಶರಣರು, ಗಡಿಪ್ರಶ್ನೆ ಇವುಗಳ ಕುರಿತ ಲೇಖನಗಳಿಗೆ ಕೊರತೆಯಿಲ್ಲ. ಈ ಸಲ ನಾವು ಮನೆಯ ಹಿಂಬಾಗಿಲು ತೆರೆದು ಹಿತ್ತಲಿಗೆ ಇಳಿಯಬಯಸುತ್ತೇವೆ. ವೈಶಾಖದ ನಡುಹಗಲಿನಲ್ಲಿ ವಾಗದರಿಯ ಓಣಿಗಳಲ್ಲಿ ನಾಯಿಯೂ ನೆರಳು ಬಿಟ್ಟು ಹೊರಡದು. ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿರುತ್ತದೆ. ಆ ಹೊತ್ತಿನಲ್ಲಿಯೂ ಹಸಿರಾಗಿ ನಿಂತು ಹೂ ಬಿಡುವ ಗಿಡಗಳನ್ನು ನಮ್ಮ ಹಿರಿಯರು ಹೇಗೆ ಆರಿಸಿಕೊಂಡರೆಂಬುದು ಈ ನಾಡಿನ ಇತಿಹಾಸದ ಒಂದು ಭಾಗವೆಂದೇ ನಾವು ತಿಳಿದಿದ್ದೇವೆ.

ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದಿರುವ ಸೀಮೆ ನಮ್ಮದು. ವರ್ಷದ ಮಳೆ 600–700 ಮಿಲಿಮೀಟರಿನ ಆಸುಪಾಸು. ಉಳಿದ ತಿಂಗಳುಗಳಿಗಿಂತ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಆದ್ದರಿಂದ ಇಲ್ಲಿ ಗಿಡದ ಮಾತು ಬಂದಾಗಲೆಲ್ಲ ಮೊದಲು ನೀರಿನ ಮಾತು ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸುವುದನ್ನು ಶಿವಪೂಜೆಗೆ ಸಮನಾದ ಕಾಯಕವೆಂದು ಕೈಗೊಂಡರು. ಸೊಲ್ಲಾಪುರದ ಕೋಟೆಯ ಬದಿಯಲ್ಲಿ ಆ ಕೆರೆ ಇಂದಿಗೂ ಇದೆ. ಅದಕ್ಕೂ ಮುನ್ನ, 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ‘ಲೋಕೋಪಕಾರ’ವನ್ನು ರಚಿಸಿದನು. ಅಡುಗೆ, ಸುಗಂಧ, ವೈದ್ಯಗಳ ಜತೆಗೆ ನೆಲದೊಳಗಿನ ನೀರನ್ನು ಗುರುತಿಸುವ ಉದಕಾರ್ಗಳಕ್ಕೂ ಗಿಡಮರಗಳ ಆರೈಕೆಯಾದ ವೃಕ್ಷಾಯುರ್ವೇದಕ್ಕೂ ಅದರಲ್ಲಿ ಸ್ಥಾನವಿದೆ. ನೀರು ಹುಡುಕುವ ವಿದ್ಯೆಯೂ ಗಿಡ ಬೆಳೆಸುವ ವಿದ್ಯೆಯೂ ಒಂದೇ ಗ್ರಂಥದೊಳಗೆ ಸೇರಿರುವುದನ್ನು ಕಂಡಾಗ, ಬರೆದವನಿಗೆ ಬರದ ಅರಿವು ಚೆನ್ನಾಗಿಯೇ ಇತ್ತೆಂದು ನಮಗೆ ತೋರುತ್ತದೆ.

ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ ಹಿತ್ತಲಿಗೆಂದು ಬೇರೆ ನೀರು ಇರುತ್ತಿರಲಿಲ್ಲ. ಬಚ್ಚಲಿನಿಂದ ಹರಿದು ಬಂದದ್ದು, ಪಾತ್ರೆ ತೊಳೆದು ಉಳಿದದ್ದು, ಅಷ್ಟೇ. ದೂರದ ಬಾವಿಯಿಂದ ಕೊಡ ಹೊತ್ತು ತಂದ ಹೆಣ್ಣುಮಕ್ಕಳೇ ಯಾವ ಗಿಡ ಉಳಿಯಬೇಕೆಂದು ತೀರ್ಮಾನಿಸುತ್ತಿದ್ದರು. ಬಚ್ಚಲ ನೀರಿನ ದಾರಿಯಲ್ಲಿ ಕರಿಬೇವು, ದಾಸವಾಳ, ಒಂದು ನಿಂಬೆ, ನೀರು ಮುಟ್ಟದ ಮೂಲೆಯಲ್ಲಿ ನುಗ್ಗೆ, ಪತ್ರಿಗಿಡ, ಲೋಳೆಸರ, ಬೇಲಿಗೆ ಮದರಂಗಿ, ಕಣಗಿಲೆ, ಅಂಗಳದಲ್ಲಿ ಬೇವು. ಬೇವಿನ ಬೇರು ಆಳಕ್ಕಿಳಿಯುತ್ತದೆ. ಉಳಿದ ಮರಗಳು ಬಾಡತೊಡಗುವ ಹೊತ್ತಿಗೆ ಅದು ಯುಗಾದಿಗಾಗಿ ಚಿಗುರಿ ಹೂ ಹೊತ್ತಿರುತ್ತದೆ. ಕಣಗಿಲೆಯ ಗುಟ್ಟು ಅದರ ಎಲೆಯಲ್ಲಿದೆ: ಎಲೆ ದಪ್ಪ; ಉಸಿರಾಡುವ ರಂಧ್ರಗಳು ಎಲೆಯಡಿಯ ರೋಮ ತುಂಬಿದ ಪುಟ್ಟ ಗುಳಿಗಳಲ್ಲಿ ಅಡಗಿರುವುದರಿಂದ ಬಿಸಿಗಾಳಿ ಅದರ ನೀರನ್ನು ಸುಲಭವಾಗಿ ಹೀರಲಾರದು. ಇಡೀ ಗಿಡ ವಿಷವಾದುದರಿಂದ ಆಡು ದನಗಳು ಬಾಯಿ ಹಾಕುವುದಿಲ್ಲ. ಮಕ್ಕಳನ್ನು ಮಾತ್ರ ಎಚ್ಚರಿಸಿಯೇ ಬೆಳೆಸುತ್ತಿದ್ದರು. ದುಂಡುಮಲ್ಲಿಗೆಗೆ ಬಿಸಿಲೆಂದರೆ ಹಬ್ಬ. ಚಳಿಗಾಲದಲ್ಲಿ ಕಡ್ಡಿ ಕತ್ತರಿಸಿ, ಬುಡ ಬಿಡಿಸಿ ಗೊಬ್ಬರ ಕೊಟ್ಟರೆ ಚೈತ್ರ ವೈಶಾಖಗಳಲ್ಲಿ ಸಂಜೆಯಾಗುತ್ತಲೇ ಹಿತ್ತಲೆಲ್ಲ ಕಂಪು.

ಇವೆಲ್ಲವೂ ಈ ನೆಲದಲ್ಲಿಯೇ ಹುಟ್ಟಿದವುಗಳೆಂದು ಭಾವಿಸಬೇಕಾಗಿಲ್ಲ. ದಾಳಿಂಬೆ ಇರಾನಿನ ಕಡೆಯಿಂದ ಬಂದು ಎಷ್ಟೋ ಶತಮಾನಗಳಾದವು. ಪೋರ್ಚುಗೀಸರ ಹಡಗುಗಳು ಅಮೆರಿಕದ ದಾರಿಯನ್ನು ತೆರೆದ ಮೇಲೆ ಚೆಂಡುಹೂ, ದೇವಕಣಗಿಲೆ, ಸೀತಾಫಲ ಬಂದವು. ಪರದೇಶದ ಹಣ್ಣಿಗೆ ಸೀತಾಮಾತೆಯ ಹೆಸರನ್ನಿಟ್ಟು ನಮ್ಮದಾಗಿಸಿಕೊಂಡ ಜನರ ಔದಾರ್ಯ ದೊಡ್ಡದು! ನಿತ್ಯಪುಷ್ಪದ ತವರು ಮಡಗಾಸ್ಕರ. ಕಾಗದದ ಹೂವನ್ನು ಫ್ರೆಂಚ್ ನಾವಿಕ ಬೋಗನ್‌ವಿಲ್‌ನ ಸಂಗಡಿಗರು 1767ರಲ್ಲಿ ಬ್ರೆಜಿಲಿನಲ್ಲಿ ಕಂಡರು. ನೀರು ಕಡಿಮೆಯಾದಷ್ಟೂ ಹೆಚ್ಚು ಬಣ್ಣ ತಳೆಯುವ ಆ ಬಳ್ಳಿಗೆ ನಮ್ಮ ಸೀಮೆ ತವರಿಗಿಂತ ಹಿತವಾಗಿದೆಯೇನೋ. ಹಿತ್ತಲು ಯಾರನ್ನೂ ಊರು ಕೇಳಲಿಲ್ಲ, ಬೇಸಗೆಯನ್ನು ತಾಳುವೆಯಾ ಎಂದಷ್ಟೇ ಕೇಳಿತು.

ಈ ತಾಳಿಕೆಗೆ ದೊಡ್ಡ ಪರೀಕ್ಷೆ ಒದಗಿದ್ದು 1972ರ ಬರಗಾಲದಲ್ಲಿ. ಜೋಳದ ಹೊಲಗಳು ಒಣಗಿದವು. ಜನ ಕಲ್ಲೊಡೆಯುವ ಕಾಮಗಾರಿಗೆ ಹೋದರು. ಆ ಅನುಭವದಿಂದಲೇ ರೂಪುಗೊಂಡ ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆಗೆ 1990ರಲ್ಲಿ ತೋಟಗಾರಿಕೆಯನ್ನು ಜೋಡಿಸಲಾಯಿತು. ಅಲ್ಲಿಯವರೆಗೆ ಹಿತ್ತಲಿನಲ್ಲಿ ಒಂದೆರಡಿದ್ದ ಬೋರೆ, ಸೀತಾಫಲ, ದಾಳಿಂಬೆಗಳು ಬರಡು ಹೊಲಗಳಲ್ಲಿ ಸಾಲುಗಟ್ಟಿ ನಿಂತವು. ದಾಳಿಂಬೆಯ ಸ್ವಭಾವ ವಿಚಿತ್ರ: ನೀರು ನಿಲ್ಲಿಸಿದರೆ ಎಲೆ ಉದುರಿಸಿ ಸುಮ್ಮನಿರುತ್ತದೆ, ಮತ್ತೆ ನೀರು ಕೊಟ್ಟೊಡನೆ ಚಿಗುರಿ ಹೂ ಬಿಡುತ್ತದೆ. ರೈತರು ‘ಬಹಾರ ಹಿಡಿಯುವುದು’ ಎನ್ನುವುದು ಇದಕ್ಕೇ. ಪುಣೆಯಲ್ಲಿ 1936ರಲ್ಲಿ ಆಯ್ದ, ಮುಂದೆ ‘ಗಣೇಶ’ ಎನಿಸಿಕೊಂಡ ತಳಿ ಮೊದಲು ಹಬ್ಬಿತು. ಅನಂತರ ‘ಭಗವಾ’ ಬಂದಿತು. 2005ರಲ್ಲಿ ಸೊಲ್ಲಾಪುರದ ಕೇಗಾಂವದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರ ಸ್ಥಾಪನೆಯಾಯಿತು. 2017ರಲ್ಲಿ ಅದು ‘ಸೋಲಾಪುರ ಲಾಲ್’ ಎಂಬ ತಳಿಯನ್ನು ಹೊರತಂದಿತು. ಬಚ್ಚಲ ನೀರು ಕುಡಿದು ಬೆಳೆದ ಗಿಡ ಹೀಗೆ ಜಿಲ್ಲೆಯ ಹೆಸರನ್ನೇ ಹೊತ್ತುಕೊಂಡಿತು.

ಇತ್ತ ಹಿತ್ತಲು ಮಾತ್ರ ಸೊರಗುತ್ತಿದೆ. ಹೊಸ ಮನೆಗಳಿಗೆ ಸಿಮೆಂಟಿನ ಅಂಗಳ. ಮಣ್ಣು ಉಳಿದಲ್ಲಿ ಚಿತ್ರ ನೋಡಿ ಕೊಂಡ ತಂಪುನಾಡಿನ ಗಿಡ. ಅನ್ಯರನ್ನು ದೂರುವುದೇಕೆ, ನಾವೂ ಮನೆಯ ಮುಂದೆ ಹುಲ್ಲುಹಾಸು ಹಾಕಿಸಿದೆವು. ಏಪ್ರಿಲಿನಲ್ಲಿ ಕೊಳವೆಬಾವಿ ಕೈಕೊಟ್ಟಿತು. ಕುಡಿಯುವ ನೀರಿಗೆ ಟ್ಯಾಂಕರಿನ ಮುಂದೆ ಸರದಿಯಲ್ಲಿ ನಿಲ್ಲುವಾಗ ಹುಲ್ಲಿಗೆ ನೀರುಣಿಸಲು ಮನಸ್ಸು ಒಪ್ಪಲಿಲ್ಲ. ಹುಲ್ಲು ಸುಟ್ಟುಹೋಯಿತು. ಯಾರೂ ನೀರು ಹಾಕದ ಹಿಂದಿನ ಬೇಲಿಯ ಕಣಗಿಲೆ ಅದೇ ವಾರ ಕೆಂಪಗೆ ಹೂ ಬಿಟ್ಟಿತ್ತು.

ಗಿಡದ ಜತೆಗೆ ಅದರ ಹೆಸರೂ ಹೋಗುತ್ತದೆಂಬುದು ನಮ್ಮ ಇನ್ನೊಂದು ಚಿಂತೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಕ್ಕಲಕೋಟೆ ತಾಲೂಕು ಅತ್ತಲೇ ಉಳಿಯಿತು. ನಮ್ಮ ಗಿಡಗಳಿಗೆ ಎರಡೆರಡು ಹೆಸರುಗಳು ಬಳಕೆಯಲ್ಲಿವೆ. ಕಣಗಿಲೆಗೂ ಕಣ್ಹೇರಿಗೂ, ದಾಳಿಂಬೆಗೂ ಡಾಳಿಂಬಕ್ಕೂ ನಂಟು ಕಾಣುತ್ತದೆ. ಆದರೆ ನುಗ್ಗೆಯನ್ನು ಶೇವಗಾ ಎಂದು, ದಾಸವಾಳವನ್ನು ಜಾಸ್ವಂದ ಎಂದು ಮಾತ್ರ ಬಲ್ಲ ಮಕ್ಕಳು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಮರಾಠಿ ಹೆಸರು ಅವರಿಗೆ ಬೇಕು, ಅದರ ಬಗೆಗೆ ನಮ್ಮ ತಕರಾರಿಲ್ಲ. ಕನ್ನಡದ ಹೆಸರನ್ನು ಶಾಲೆಯ ಪುಸ್ತಕ ಕಲಿಸುವುದಕ್ಕಿಂತ ಚೆನ್ನಾಗಿ ಹೂ ಬಿಡಿಸಲು ಕರೆದೊಯ್ದ ಅಜ್ಜಿ ಕಲಿಸುತ್ತಿದ್ದಳು. ಹಿತ್ತಲೇ ಇಲ್ಲದಿದ್ದರೆ ಆಕೆ ಅವರನ್ನು ಎಲ್ಲಿಗೆ ಕರೆದೊಯ್ಯಬೇಕು?

ಮೃಗಶಿರಾ ಮಳೆ ಬಿದ್ದ ಮೇಲೆ ನೆಡುವುದು, ಎಳೆಯ ಗಿಡದ ಪಕ್ಕದಲ್ಲಿ ತೂತಿನ ಗಡಿಗೆ ಹೂತು ನೀರು ತುಂಬಿಡುವುದು, ಬುಡಕ್ಕೆ ಜೋಳದ ಕಣಿಕೆ ಹೊದಿಸುವುದು: ಹಿರಿಯರ ಕ್ರಮ ಇಷ್ಟೇ. ಸುಟ್ಟ ಹುಲ್ಲನ್ನು ಕಿತ್ತು ಕಳೆದ ಮಳೆಗಾಲದಲ್ಲಿ ನಾವು ಹಾಗೆಯೇ ಮಾಡಿದೆವು. ಮಲ್ಲಿಗೆಯ ಕಡ್ಡಿ ಕೊಟ್ಟವರು ನೆರೆಮನೆಯ ಮರಾಠಿ ಆಜಿ. ಈ ಚೈತ್ರದಲ್ಲಿ ಅದು ಹನ್ನೊಂದು ಮೊಗ್ಗು ಬಿಟ್ಟಿತು. ಮೊದಲನೆಯದನ್ನು ಅವರಿಗೇ ಕೊಟ್ಟು ಬಂದೆವು.