ಪಾನಕವೂ ಜುಲೆಪ್ ಎಂಬ ಹಿಮಪಾನವೂ

ಬಾದಾಮಿಗೆ ಸಮೀಪದ ಮಹಾಕೂಟದಲ್ಲಿ ಚಾಲುಕ್ಯ ಮಂಗಲೇಶನು ಕ್ರಿ. ಶ. 602ರಲ್ಲಿ ನಿಲ್ಲಿಸಿದ ಧರ್ಮಜಯಸ್ತಂಭವು ಈಗ ವಿಜಯಪುರದಲ್ಲಿದೆ. ಅದರ ಸಂಸ್ಕೃತಶಾಸನವು ಮೊದಲನೆಯ ಪುಲಕೇಶಿಯ ಯಜ್ಞಗಳಲ್ಲಿ ಅಶ್ವಮೇಧದೊಡನೆ ವಾಜಪೇಯವನ್ನೂ ಎಣಿಸುತ್ತದೆ. ವಾಜಪೇಯದಲ್ಲಿ 17 ಸೋಮಪಾತ್ರೆಗಳೂ 17 ಸುರಾಪಾತ್ರೆಗಳೂ ವಿಹಿತವಾಗಿವೆ. ಆದುದರಿಂದ ನಮ್ಮ ದೇಶದ ಪಾನಚರಿತ್ರೆಯನ್ನು ಕೇವಲ ನಿಷೇಧವಾಕ್ಯಗಳ ಬಲದಿಂದ ನಿರ್ಣಯಿಸಲಾಗದು.

ಮನುವು ಸುರೆಯನ್ನು ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರಾಗಿ ವಿಭಾಗಿಸಿ, ಮೂರನ್ನೂ ದ್ವಿಜೋತ್ತಮರಿಗೆ ನಿಷೇಧಿಸಿದ್ದಾನೆ. ಬೆಲ್ಲದಿಂದಾದುದು ಗೌಡೀ, ಹಿಟ್ಟಿನಿಂದಾದುದು ಪೈಷ್ಟೀ, ಮಾಧ್ವಿಯು ಇಪ್ಪೆಯ ಹೂವಿನಿಂದಾದುದೆಂದು ಕೆಲವರೂ ಜೇನಿನಿಂದಾದುದೆಂದು ಕೆಲವರೂ ಹೇಳುವರು. ಕಲ್ಯಾಣದ ಮೂರನೆಯ ಸೋಮೇಶ್ವರನಾದರೋ ಕ್ರಿ. ಶ. 1129ರ ಸುಮಾರಿನ ಮಾನಸೋಲ್ಲಾಸದಲ್ಲಿ ಪಾನೀಯಭೋಗಕ್ಕೆ ಒಂದು ಪ್ರಕರಣವನ್ನೂ ಮದಿರಾಪಾನಕ್ರೀಡೆಗೆ ಬೇರೊಂದು ಪ್ರಕರಣವನ್ನೂ ಮೀಸಲಿಟ್ಟಿದ್ದಾನೆ. ಸುವಾಸಿತ ಜಲವೂ ಮದ್ಯವೂ ಅವನ ಆಸ್ಥಾನದಲ್ಲಿ ಬೇರೆ ಬೇರೆ ಭೋಗಗಳಾಗಿದ್ದುವೆಂಬುದು ಈ ವಿಭಾಗದಿಂದಲೇ ವ್ಯಕ್ತವಾಗುತ್ತದೆ.

ಈ ಎರಡನ್ನೂ ಒಂದುಗೂಡಿಸಿದ ಪಾನವು ಅಮೇರಿಕದ ಜುಲೆಪ್. ಈ ಶಬ್ದದ ಮೂಲವು ಪನ್ನೀರೆಂಬ ಅರ್ಥದ ಪಾರಸೀಕ ‘ಗುಲಾಬ್’. ಅದು ಅರಬ್ಬಿಯಲ್ಲಿ ‘ಜುಲಾಬ್’ ಆಗಿ ಯೂರೋಪನ್ನು ಸೇರಿತು. ನಮ್ಮ ‘ಗುಲಾಬಿ’ಯೂ ಅದೇ ಕುಲದ್ದು. ಮೊದಲು ಅದು ಔಷಧವನ್ನು ಕುಡಿಸುವುದಕ್ಕಾಗಿ ಮಾಡಿದ ಸಿಹಿನೀರು ಮಾತ್ರ. ಮದ್ಯವು ಬಳಿಕ ಕೂಡಿತು. ಪುದೀನದ ಎಲೆಗಳನ್ನು ಸಕ್ಕರೆಯೊಡನೆ ಮೃದುವಾಗಿ ಒತ್ತಿ, ಪುಡಿಮಾಡಿದ ಮಂಜುಗಡ್ಡೆಯನ್ನು ತುಂಬಿ, ಮದ್ಯವನ್ನೆರೆಯುವುದು ಅದರ ಕ್ರಮ. ಎಲೆಯನ್ನು ಅರೆದರೆ ಕಹಿಯಾಗುತ್ತದೆ. ಪುಡಿಯಾದ ಹಿಮವು ಬೇಗನೆ ಕರಗಿ ಮದ್ಯವನ್ನು ತಣಿಸುವುದಲ್ಲದೆ ಅದರ ತೀಕ್ಷ್ಣತೆಯನ್ನೂ ತಗ್ಗಿಸುತ್ತದೆ. ದ್ರಾಕ್ಷಿಯ ಬ್ರಾಂದಿ, ಕಬ್ಬಿನ ರಮ್, ಧಾನ್ಯದ ವಿಸ್ಕಿ, ಈ ಮೂರರಿಂದಲೂ ಜುಲೆಪ್ ಮಾಡುವುದುಂಟು. ರಮ್ಮಿಗೂ ಗೌಡಿಗೂ, ವಿಸ್ಕಿಗೂ ಪೈಷ್ಟಿಗೂ ಮೂಲದ್ರವ್ಯದಲ್ಲಿ ಸಾಮ್ಯವಿದೆ. ಆದರೆ ರಮ್ಮೂ ವಿಸ್ಕಿಯೂ ಭಟ್ಟಿಯಿಳಿಸಿದುವು, ಸುರೆಯು ಹುಳಿಯಿಸಿದುದು.

ಇಷ್ಟರಿಂದಲೇ ಜುಲೆಪ್ ನಮ್ಮ ಪಾನಕದ ಸಂತತಿಯೆನ್ನುವುದು ಸಾಹಸವಾದೀತು. ಪಾನಕ ಶಬ್ದವು ಸಂಸ್ಕೃತದ್ದು, ಜುಲೆಪ್ ಪಾರಸೀಕಮೂಲದ್ದು. ಬೆಲ್ಲ, ಏಲಕ್ಕಿ, ಮೆಣಸುಗಳಿಂದ ಮಾಡುವ ರಾಮನವಮಿಯ ಪಾನಕಕ್ಕೆ ಹಿಮವು ಬೇಕಿಲ್ಲ. ಮಣ್ಣಿನ ಹೊಸ ಕೊಡದ ತಂಪೇ ಸಾಕು. ದಕ್ಷಿಣದ ಬಿಸಿಲುನಾಡಿನಲ್ಲಿ ಹಿಮವೂ ದುರ್ಲಭವಾಗಿತ್ತು. 1833ರಲ್ಲಿ ಬೋಸ್ಟನ್ನಿನಿಂದ ಸುಮಾರು 180 ಟನ್ನು ಹಿಮವನ್ನು ಹೇರಿ ಹೊರಟ ಹಡಗು ಕಲ್ಕತ್ತೆಗೆ ಮುಟ್ಟಿಸಿದುದು ಸುಮಾರು 100 ಟನ್ನು. ಮದರಾಸಿನ ಕಡಲತೀರದಲ್ಲಿ ಅಂಥ ಹಿಮಕ್ಕಾಗಿಯೇ ಕಟ್ಟಿದ ಮನೆಯು ಇಂದಿಗೂ ಉಳಿದಿದೆ.

ಸಿಹಿ, ಸುಗಂಧ, ತಂಪು ಇವು ಮೂರನ್ನೂ ಬಯಸುವುದು ಸರ್ವಮಾನವಸಾಧಾರಣ. ಬಯಕೆಯ ಸಾಮ್ಯವು ವಂಶದ ಪ್ರಮಾಣವಲ್ಲ. ಶಬ್ದ, ದ್ರವ್ಯ, ಸಂಸ್ಕಾರಕ್ರಮ ಇವು ಮೂರೂ ಒಂದೇ ಕಡೆಗೆ ಬೆರಳು ತೋರಿದಾಗಲೇ ಋಣವನ್ನು ಹೇಳತಕ್ಕದ್ದು. ಇಲ್ಲಿ ಅವು ಹಾಗೆ ತೋರುವುದಿಲ್ಲ.