ಏಳು ಸಲ ಕೇಳಿಸಿದರೂ ತಿಳಿಯದ ಮಾತು

ನಮ್ಮ ಬಳಿಚಕ್ರದ ಕಡೆ ಶಾಲೆ ಟ್ರಿಪ್ ಅಂದ್ರೆ ವಿಜಯಪುರ, ವಿಜಯಪುರ ಅಂದ್ರೆ ಗೋಳಗುಮ್ಮಟ. ಒಳಗೆ ಹೋದವರೆಲ್ಲ ಹೆಸರು ಕೂಗಿ, ಗುಮ್ಮಟ ಅದನ್ನು ಏಳು ಸಲ ಹೇಳುತ್ತಾ ಅಂತ ಎಣಿಸ್ತಾರೆ. ಆದರೆ ಅದೇ ಗುಮ್ಮಟದಡಿ ಗೈಡ್ ಹೇಳುವ ಇತಿಹಾಸ ಕಿವಿಗೆ ಬೀಳುತ್ತೆ, ತಲೆಗೆ ಇಳಿಯಲ್ಲ. ಯಾಕೆ?

ಇದು 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ಆಚೆ ಗೋಡೆ ಮುಟ್ಟಿ ಬರಲು 76 ಮೀಟರ್. ಸೆಕೆಂಡಿನ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು. ಅಷ್ಟರಲ್ಲಿ ನಾವು ಮುಂದಿನ ಅಕ್ಷರ ಆಡಿರುತ್ತೇವೆ. ಹಳೇ ಅಕ್ಷರ ಬಂದು ಹೊಸದರ ಮೇಲೆ ಕೂರುತ್ತೆ. ಮೇಲಿನ ಗ್ಯಾಲರಿಯಲ್ಲಿ ಮಾತ್ರ ಬೇರೆ ಕಥೆ: ಪಿಸುಮಾತು ಬಾಗಿದ ಗೋಡೆಗೆ ಅಂಟಿಕೊಂಡೇ ಸಾಗಿ ಆಚೆ ಬದಿಗೆ ಸ್ಪಷ್ಟವಾಗಿ ತಲುಪುತ್ತೆ. 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಈ ಚಮತ್ಕಾರ ಪರೀಕ್ಷಿಸಿದ ಸಿ.ವಿ. ರಾಮನ್, ನಮ್ಮ ಗೋಳಗುಮ್ಮಟವನ್ನೂ ಅಭ್ಯಾಸ ಮಾಡಿದ್ದರು.

ಮಾತು ಕೆಡುವುದನ್ನು ಅಳೆದು ಸರಿಪಡಿಸಿದ್ದು ಹಾರ್ವರ್ಡಿನ ವ್ಯಾಲೇಸ್ ಸೇಬಿನ್. 1895ರಲ್ಲಿ ಅವರ ಕೈಗೆ ಬಂದ ಉಪನ್ಯಾಸದ ಹಾಲ್‌ನಲ್ಲಿ ದನಿ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಉಳಿಯುತ್ತಿತ್ತು. ಪಕ್ಕದ ಥಿಯೇಟರಿನ ಸೀಟಿನ ದಿಂಬುಗಳನ್ನು ರಾತ್ರೋರಾತ್ರಿ ಹೊತ್ತು ತಂದು, ಎಷ್ಟು ದಿಂಬಿಗೆ ಎಷ್ಟು ದನಿ ಇಂಗುತ್ತೆ ಅಂತ ಲೆಕ್ಕ ಹಾಕಿದರು. ನಮ್ಮ ಆಫೀಸುಗಳ ಗಾಜಿನ ಮೀಟಿಂಗ್ ರೂಮಿಗೆ ಇವತ್ತಿಗೂ ಬೇಕಿರುವುದು ಅದೇ ದಿಂಬಿನ ಲೆಕ್ಕ.

ಜೀಪು, ಕಾರಿನೊಳಗೆ ಹಾಗಲ್ಲ. ಅಲ್ಲಿ ಪ್ರತಿಧ್ವನಿ ಸೆಕೆಂಡಿನ ನೂರನೇ ಒಂದು ಪಾಲಿನೊಳಗೆ ಬಂದು ಮೂಲ ಮಾತಿನಲ್ಲೇ ಬೆರೆತುಹೋಗುತ್ತೆ. ಅಲ್ಲಿನ ಶತ್ರು ಎಂಜಿನ್ನು, ಟಯರು, ಗಾಳಿಯ ಸದ್ದು. ಸ್ವರಗಳು ಗಟ್ಟಿ, ಹೇಗೋ ಉಳಿಯುತ್ತವೆ. ವ್ಯಂಜನಗಳು ಮೆಲು, ಮುಳುಗುತ್ತವೆ. ಮಾಮೂಲಿ ಫೋನ್ ಲೈನು ಸಾಗಿಸುವುದೂ 300ರಿಂದ 3,400 ಹರ್ಟ್ಸ್ ಮಾತ್ರ. 'ಸ'ಕಾರದ ಸಿಳ್ಳು ಬಹುಪಾಲು ಅದರಾಚೆಗೇ ಇರುತ್ತೆ.

ಊರಿಂದ ಅಪ್ಪನನ್ನು ಯಾದಗಿರಿಯ ದವಾಖಾನೆಗೆ ಕರೆದೊಯ್ಯುವ ಜೀಪಿನಿಂದ ತಮ್ಮ ಬೆಂಗಳೂರಿಗೆ ಫೋನ್ ಮಾಡ್ತಾನೆ. ಶುಗರ್ ಇನ್ನೂರೋ, ಮುನ್ನೂರೋ? ನನಗೆ ಬೇಕಿರುವುದು ಆ ಒಂದು ಅಕ್ಷರ. ಸ್ಪೀಕರ್‌ನಲ್ಲಿ ಫೋನ್ ದೂರ ಇಟ್ಟಷ್ಟೂ ದನಿ ಸಣ್ಣದಾಗುತ್ತೆ, ಗದ್ದಲ ಅಷ್ಟೇ ಇರುತ್ತೆ. ಅದಕ್ಕೇ ನಮ್ಮ ಮನೆಯಲ್ಲಿ ಈಗ ಒಂದು ನಿಯಮ: ಕಿಟಕಿ ಏರಿಸು, ಫೋನ್ ಬಾಯಿ ಹತ್ತಿರ ಹಿಡಿ, ಅಂಕಿ ಬಿಡಿಬಿಡಿಯಾಗಿ ಹೇಳು. ಮೂರು, ಸೊನ್ನೆ, ಸೊನ್ನೆ. ಏಳು ಸಲ ಬೇಡ, ಒಂದೇ ಸಲ ಸಾಕು.