ಬಂಕಾಪುರ ಸೀಮೆಯ ಇಂಚು ನಕ್ಷೆ: ಹಾಳೆ 48 ಎನ್/5

ಬಂಕಾಪುರ, ಸವಣೂರು, ಹಾವೇರಿ ಮೂರನ್ನೂ ಒಂದೇ ಹಾಳೆಯಲ್ಲಿ ತೋರಿಸುವ, ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆ. 48 ಎಂದರೆ ನಾಲ್ಕು ಡಿಗ್ರಿಯ ಚೌಕ, ಎನ್ ಅದರೊಳಗಿನ ಒಂದು ಡಿಗ್ರಿ, 5 ಅದರಲ್ಲೂ 15 ಮಿನಿಟಿನ ತುಂಡು: ಉತ್ತರ ಅಕ್ಷಾಂಶ 14°45′ರಿಂದ 15°, ಪೂರ್ವ ರೇಖಾಂಶ 75°15′ರಿಂದ 75°30′. ನೆಲದ ಮೇಲೆ ಉದ್ದಗಲ ಸುಮಾರು 27 ಕಿ.ಮೀ.

ಈ ಕತ್ತರಿ ಊರುಕೇರಿ ನೋಡಿ ಆಡಿದ್ದಲ್ಲ. ಬಂಕಾಪುರ ಎಡ ಅಂಚಿನಿಂದ ಇಂಚಿನಷ್ಟು ಒಳಗೆ ಉಳಿದುಕೊಂಡಿತು. ಪಕ್ಕದ ಶಿಗ್ಗಾವಿ ಹಾನಗಲ್ಲಿನ ಜೊತೆ 48 ಎನ್/1ಕ್ಕೆ ಹೋಯಿತು, ಹಿರೇಕೆರೂರು ತೆಂಕಣ 48 ಎನ್/7ಕ್ಕೆ. ವಿಚಿತ್ರವೆಂದರೆ, 1884ರ ಮುಂಬಯಿ ಗ್ಯಾಸೆಟಿಯರ್ ಕಾಲದಲ್ಲಿ ತಾಲ್ಲೂಕಿನ ಹೆಸರು ಬಂಕಾಪುರ, ಕಚೇರಿ ಇದ್ದದ್ದು ಶಿಗ್ಗಾವಿಯಲ್ಲಿ. ವರದಾ ನದಿಯನ್ನು ಬನವಾಸಿಯಿಂದ, ಅದು ತುಂಗಭದ್ರೆಯನ್ನು ಕೂಡುವ ಗಳಗನಾಥದವರೆಗೆ ಹಿಂಬಾಲಿಸುವವರು ಹಾಳೆಗೆ ಹಾಳೆ ಅಂಟಿಸಲೇಬೇಕು.

ಈ ಅಳತೆಯ ಬೇರು 1802ರಲ್ಲಿ ಸರ್ವೇಕ್ಷಕ ಲ್ಯಾಂಬ್ಟನ್ ಮದರಾಸಿನಲ್ಲಿ ಅಳೆದ ಆಧಾರರೇಖೆಯಲ್ಲಿದೆ. ಬಣ್ಣದಲ್ಲಿ ಅಚ್ಚಾಗುವ ಹೊಸ ಮಾಲಿಕೆ ಇಲಾಖೆಯ 1905ರ ಸುಧಾರಣೆಯ ಫಲ. ಇಂಚಿಗೆ ಮೈಲಿಯ ಪ್ರಮಾಣ (1:63,360), 50 ಅಡಿಗೊಂದು ಕಂದು ಸಮೋನ್ನತ ರೇಖೆ. ದಶಮಾಂಶ ಪದ್ಧತಿ ಬಂದ ಮೇಲೆ ಪ್ರಮಾಣ 1:50,000 ಆಯಿತು, ರೇಖೆಗಳ ಅಂತರ 20 ಮೀಟರ್. ನೀರಿನ ಬಣ್ಣವೇ ಇಲ್ಲಿ ಹೆಚ್ಚು ಮಾತಾಡುತ್ತದೆ: ವರ್ಷವಿಡೀ ನೀರು ನಿಂತರೆ ನೀಲಿ, ಬೇಸಿಗೆಯಲ್ಲಿ ಒಣಗುವ ಹಳ್ಳಕ್ಕೆ ಕಪ್ಪು ಗೆರೆ. ಪಡುವಣ ಹಾನಗಲ್ಲಿನ ಅರೆಮಲೆನಾಡಿನಿಂದ ಮೂಡಣ ಎರೆನೆಲದತ್ತ ಬರುವ ಓದುಗನಿಗೆ ಮಳೆ ಕಡಿಮೆಯಾಗುವುದನ್ನು ಈ ಗೆರೆಗಳೇ ಹೇಳುತ್ತವೆ.

ನೆಲ ಕದಲಲಿಲ್ಲ, ಗಡಿಗಳೇ ಕದಲಿದವು. 1948ರವರೆಗೆ ಸವಣೂರು ನವಾಬರ ಸಂಸ್ಥಾನ. ಧಾರವಾಡ ಜಿಲ್ಲೆಯ ನಡುವೆ ಅದಕ್ಕೆ ಬೇರೆಯೇ ಎಲ್ಲೆ. ಮುಂಬಯಿ ರಾಜ್ಯದಲ್ಲಿದ್ದ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರಿಗೆ ಸೇರಿತು; 1973ರಲ್ಲಿ ರಾಜ್ಯ ಕರ್ನಾಟಕವಾಯಿತು, 1997ರಲ್ಲಿ ಹಾವೇರಿ ಜಿಲ್ಲೆ ಹುಟ್ಟಿತು. ಇಪ್ಪತ್ತನೆಯ ಶತಮಾನದ ನಡುವಿನ ಹಾಳೆ ಹಿಡಿದವರು ಮೊದಲು ನೋಡಬೇಕಾದದ್ದು, ಹಾಗಾಗಿ, ಅಂಚಿನಲ್ಲಿರುವ ಮುದ್ರಣದ ವರ್ಷ.

ಹೆಸರುಗಳೆಲ್ಲ ರೋಮನ್ ಅಕ್ಷರದಲ್ಲಿವೆ. ರಾಷ್ಟ್ರಕೂಟರ ಸಾಮಂತ ಬಂಕೆಯನ ಪುರ ಕೊನೆಯ ಸ್ವರ ಕಳಕೊಂಡು ‘ಬಂಕಾಪುರ್’ ಆಗಿದೆ. 2005ರ ರಾಷ್ಟ್ರೀಯ ನಕ್ಷಾ ನೀತಿ ರಕ್ಷಣಾ ಮಾಲಿಕೆ, ಮುಕ್ತ ಮಾಲಿಕೆ ಎಂದು ನಕ್ಷೆಗಳನ್ನು ಎರಡಾಗಿಸಿತು; ಮುಕ್ತ ಮಾಲಿಕೆಯ ಹಾಳೆಗಳಿಗೆ ಹೊಸ ಸಂಖ್ಯೆ ಬಂತು. ಭೂಗೋಳದ ಮೇಷ್ಟ್ರುಗಳ ಬಾಯಲ್ಲಿ ಮಾತ್ರ ‘ಟೋಪೋಶೀಟ್’ ಇನ್ನೂ ಹಳೆಯ ಸಂಖ್ಯೆಯದೇ.